ಮೂವತ್ತೊಂದನೇ ವಿಧಿಯ ಕೊನೆಯ ವಾಕ್ಯ

ಫೆಬ್ರವರಿ 3, ಸೋಮವಾರ

ಇವತ್ತು ನನ್ನಿಂದ ಪ್ರಮಾಣ ಮಾಡಿಸಿಕೊಂಡರು. ಸಂವಿಧಾನದ ಕರಡು ವಿಭಾಗದಲ್ಲಿ ಕಂಡದ್ದು, ಕೇಳಿದ್ದು, ಟೈಪು ಮಾಡಿದ್ದು ಯಾವುದನ್ನೂ ಹೊರಗೆ ಬಾಯಿಬಿಡುವುದಿಲ್ಲ ಅಂತ. ಬರೆದಿಟ್ಟುಕೊಳ್ಳಬಾರದು ಎಂದು ಮಾತ್ರ ಯಾರೂ ಹೇಳಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಈ ನೋಟುಬುಕ್ಕು ಕೊಂಡೆ. ಬಾಯಿ ಕಟ್ಟಿಕೊಂಡು ಇದ್ದು ನನಗೆ ಅಭ್ಯಾಸವಿಲ್ಲ.

ನಾಡು ನಮ್ಮದಾಗಿ ಒಂದೂವರೆ ವರ್ಷವಾಯಿತು. ನಡೆಯುತ್ತಿರುವುದು ಮಾತ್ರ ಇನ್ನೂ ಹಳೆಯ ಆಳರಸರ ಕಾಯಿದೆಗಳೇ. ನಮ್ಮದೇ ಸಂವಿಧಾನ ಮಾಡಲು ಇನ್ನೂರ ಎಂಬತ್ತನಾಲ್ಕು ಜನ ಆರಿಸಿ ಬಂದಿದ್ದಾರೆ. ಅವರು ವಾದ ಮಾಡುತ್ತಾರೆ, ಕರಡು ಸಮಿತಿ ತಿದ್ದುತ್ತದೆ, ನಾನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡುತ್ತೇನೆ. ಉರುಳೆ ಯಂತ್ರ ಮುನ್ನೂರು ಪ್ರತಿ ತೆಗೆಯುತ್ತದೆ. ಮಾರನೆಯ ದಿನ ಮತ್ತೆ ತಿದ್ದುತ್ತಾರೆ. ಹದಿನಾಲ್ಕು ವರ್ಷ ಟೈಪು ಮಾಡಿದ್ದೇನೆ, ಏನು ಟೈಪು ಮಾಡಿದೆ ಎಂದು ಒಂದು ದಿನವೂ ಓದಿದವಳಲ್ಲ. ಓದುತ್ತ ಕೂತರೆ ವೇಗ ಬರುವುದಿಲ್ಲ.

ಅರ್ಜಿಯಲ್ಲಿ ಗಂಡನ ಉದ್ಯೋಗ ಕೇಳಿದ್ದರು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಎಂದು ಬರೆದೆ. ಸುಳ್ಳಲ್ಲ. ಈಗ ಎಲ್ಲಿದ್ದಾರೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮಹಾಶಯರು ನವೆಂಬರ್ ಹನ್ನೆರಡರಿಂದ ಜೈಲಿನಲ್ಲಿದ್ದಾರೆ. ಮುದ್ರಣಾಲಯದ ಮುಷ್ಕರದ ದಿನ ಹಿಂದೆ ನಿಂತುಕೊಳ್ಳಿ ಅಂತ ಬಡಿದುಕೊಂಡೆ. ಮೇಜಿನ ಮೇಲೆ ಹತ್ತಿ ನಿಂತರು. ಸಾರ್ವಜನಿಕ ಸುರಕ್ಷತೆ ಕಾಯಿದೆಯಂತೆ. ಮೊಕದ್ದಮೆಯಿಲ್ಲ, ವಿಚಾರಣೆಯಿಲ್ಲ, ಎಷ್ಟು ದಿನ ಎನ್ನುವುದಿಲ್ಲ.

ಮನೆಯಲ್ಲಿ ಅತ್ತೆ, ನಾನು, ಒಂದು ಕಿಟಕಿ. ಅತ್ತೆ ಆ ಕಿಟಕಿ ಬಿಟ್ಟು ಏಳುವುದಿಲ್ಲ.

ಫೆಬ್ರವರಿ 11, ಮಂಗಳವಾರ

ಮೂರನೇ ಕರಡು. ಹತ್ತೊಂಬತ್ತನೇ ಪುಟದಲ್ಲಿ ಬೆರಳು ನಿಂತುಬಿಟ್ಟಿತು. ಮೂವತ್ತೊಂದನೇ ವಿಧಿಯ ಕೊನೆಯ ವಾಕ್ಯ:

“ಯಾವ ವ್ಯಕ್ತಿಯನ್ನೂ ವಿಚಾರಣೆಯಿಲ್ಲದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಂಧನದಲ್ಲಿಡತಕ್ಕದ್ದಲ್ಲ, ಆ ಅವಧಿಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಬಂಧನದ ಕಾರಣವನ್ನು ತಿಳಿಸತಕ್ಕದ್ದು.”

ನಾಳೆಗೆ ಸರಿಯಾಗಿ ಮೂರು ತಿಂಗಳು.

ಹಿಂದಿನ ಎರಡು ಕರಡಿನಲ್ಲೂ ಇದನ್ನು ನಾನೇ ಟೈಪು ಮಾಡಿದ್ದೆನಂತೆ. ಕಡತ ತೆಗೆದು ನೋಡಿದೆ, ಇದೆ. ಎದ್ದು ಹೋಗಿ ನೀರು ಕುಡಿದೆ, ಬಂದೆ, ಮತ್ತೆ ಎದ್ದೆ. ಪಕ್ಕದ ಮೇಜಿನವಳು “ಏನ್ ಅಕ್ಕ, ಕುರ್ಚಿ ಚುಚ್ತಾ ಇದ್ಯಾ?” ಅಂದಳು.

ಸಂಜೆ ಅತ್ತೆ ಎಂದಿನಂತೆ ಕೇಳಿದರು, “ದೊಡ್ಡೋರ ಮಧ್ಯೆ ಕೂತಿರ್ತೀಯ, ನನ್ನ ಮಗನ ವಿಚಾರ ಏನಾದ್ರೂ ಕಿವಿಗೆ ಬಿತ್ತಾ?” ಇಲ್ಲ ಅಂದೆ. “ನಿನಗೆ ಕೇಳೋ ಮನಸ್ಸಿಲ್ಲ ಬಿಡು” ಅಂದರು. ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಹೇಳಿಬಿಟ್ಟರೆ ಅವರ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಬೆಳಗಾಗುವುದರೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ ಎಂದೂ ಗೊತ್ತು.

ಫೆಬ್ರವರಿ 27, ಗುರುವಾರ

ನಮ್ಮ ಕರಡು ಪರಿಶೀಲಕರನ್ನು ಬೆನ್ನ ಹಿಂದೆ ಎಲ್ಲರೂ “ಅಲ್ಪವಿರಾಮ” ಎಂದು ಕರೆಯುತ್ತಾರೆ, ಎದುರಿಗೆ “ಮೇಷ್ಟ್ರೇ”. ಮೊದಲು ಶಾಲೆಯಲ್ಲಿದ್ದವರು. ಸ್ಟೆನ್ಸಿಲ್ ಆದಮೇಲೆ ನಾನು ಗಟ್ಟಿಯಾಗಿ ಓದಬೇಕು, ಅವರು ಸಮಿತಿ ತಿದ್ದಿ ಕೊಟ್ಟ ಪ್ರತಿ ಹಿಡಿದು ವಾಕ್ಯಕ್ಕೊಂದು “ಹೂಂ” ಅನ್ನಬೇಕು. ಒಂದು ಅಲ್ಪವಿರಾಮ ನುಂಗಿದರೂ ಮೇಜು ಕುಟ್ಟುತ್ತಾರೆ. ಅವರ “ಹೂಂ” ಇಲ್ಲದೆ ಯಾವ ಹಾಳೆಯೂ ಯಂತ್ರಕ್ಕೆ ಹೋಗುವಂತಿಲ್ಲ.

ಇವತ್ತು ನನ್ನ ಹಾಳೆ ಮುಗಿದು ನಾನು ಮಗುಚಿದಾಗ ಅವರೂ ಮಗುಚಿದರು. ಅವರ ಕೈಯ ಪ್ರತಿಯಲ್ಲಿ ಪುಟ ಅಲ್ಲಿಗೆ ಮುಗಿಯುವುದಿಲ್ಲ. ನಾನು ಓದುವುದನ್ನು ನಿಲ್ಲಿಸಿದೆ.

“ಯಾಕಮ್ಮಾ ನಿಲ್ಲಿಸಿದೆ?”

“ಮೇಷ್ಟ್ರೇ, ನಿಮಗೆ ಕಾಣಿಸ್ತಾ ಇಲ್ಲ.”

ಅವರು ಬಾಗಿಲ ಕಡೆ ನೋಡಿದರು. “ಟೈಪಾಗಿರೋದು ಅಲ್ಪಸ್ವಲ್ಪ ಕಾಣುತ್ತೆ. ಸಮಿತಿ ಕಾರ್ಯದರ್ಶಿಗಳು ತಿದ್ದಿರೋ ಹಸಿರು ಶಾಯಿ ಕಾಣಲ್ಲ. ಪೊರೆ ಬಂದಿದೆ. ಎಲ್ಲ ಬಾಯಿಪಾಠ ಆಗಿದೆ ಕಣಮ್ಮ, ಕಿವಿಯಲ್ಲೇ ತಪ್ಪು ಹಿಡೀತೀನಿ. ಈ ಪುಸ್ತಕ ಮುಗಿಯೋವರೆಗೆ ಒಂದಿಷ್ಟು ಸುಧಾರಿಸ್ಕೊಂಡು ಹೋಗು.”

ಬೇಡ ಎನ್ನಲು ನನ್ನಿಂದಾಗಲಿಲ್ಲ. ಹಸಿರು ಶಾಯಿಯ ತಿದ್ದುಪಡಿಗಳನ್ನು ಮೊದಲೇ ಓದಿ ಹೇಳಿ ಆಮೇಲೆ ಶುರುಮಾಡುವುದು ಎಂದು ಒಪ್ಪಂದ ಮಾಡಿಕೊಂಡೆವು. ಇಬ್ಬರದ್ದೂ ಒಂದೊಂದು ಗುಟ್ಟು ಈ ಕಚೇರಿಯಲ್ಲಿದೆ. ಅವರದ್ದು ನನಗೆ ಗೊತ್ತು, ನನ್ನದು ಅವರಿಗೆ ಗೊತ್ತಿಲ್ಲ.

ಮಾರ್ಚ್ 14, ಶುಕ್ರವಾರ

ಆರನೇ ಕರಡು. ಬೆಳಿಗ್ಗೆ ಪ್ರತಿ ಕೈಗೆ ಬಂದ ತಕ್ಷಣ ಹತ್ತೊಂಬತ್ತನೇ ಪುಟ ತೆಗೆದೆ. ಈಗೀಗ ಅದೇ ಚಾಳಿಯಾಗಿದೆ. ಕೊನೆಯ ವಾಕ್ಯದ ಮೇಲೆ ಹಸಿರು ಗೆರೆ. ಪಕ್ಕದಲ್ಲಿ “ಬಿಡುವುದು”. ಅಷ್ಟೇ.

ಯಾರನ್ನು ಹೋಗಿ ಕೇಳಲಿ? ಕೇಳುವ ಹಕ್ಕೇನಿದೆ? ನಾಳೆ ಹಂಚಬೇಕು, ನೂರ ಹನ್ನೆರಡು ಪುಟದಲ್ಲಿ ನನ್ನ ಪಾಲಿಗೆ ನಲವತ್ತು. ಎಲ್ಲರ ಮೇಲೂ ರೇಗಾಡುತ್ತ ಟೈಪು ಮಾಡಿದೆ. ಸಂಜೆ ಮೇಷ್ಟ್ರ ಜೊತೆ ಓಡುತ್ತ ಓದಿದೆ. ತಿದ್ದುಪಡಿಗಳನ್ನು ಮೊದಲು ಹೇಳಲು ಇವತ್ತು ವೇಳೆಯಿರಲಿಲ್ಲ. ಹೂಂ, ಹೂಂ, ಹೂಂ. ಮುಗಿಯಿತು.

ಮಾರ್ಚ್ 15, ಶನಿವಾರ

ಪ್ರತಿಗಳೆಲ್ಲ ಹಂಚಿ ಹೋದವು. ಮಧ್ಯಾಹ್ನ ಉಳಿದ ಒಂದು ಪ್ರತಿ ತೆಗೆದು ಹತ್ತೊಂಬತ್ತನೇ ಪುಟ ನೋಡಿದೆ. ಆ ವಾಕ್ಯವಿಲ್ಲದೆ ಆ ಜಾಗ ಹೇಗೆ ಕಾಣುತ್ತದೆ ಎಂದು ನೋಡುವ ಹಾಳು ಕುತೂಹಲ. ವಾಕ್ಯ ಅಲ್ಲೇ ಇದೆ. ಪೂರ್ತಿ ಇದೆ.

ಅಂದರೆ ನಾನು ಟೈಪು ಮಾಡಿದ್ದೇನೆ. ಐದು ಸಲ ಮಾಡಿ ಮಾಡಿ ಕೈಗೆ ಅಂಟಿಕೊಂಡಿದ್ದನ್ನು ಕೈ ತಾನಾಗಿ ಮಾಡಿದೆ. ಆಮೇಲೆ ಅದನ್ನೇ ಗಟ್ಟಿಯಾಗಿ ಓದಿದ್ದೇನೆ. ಮೇಷ್ಟ್ರಿಗೆ ಬಾಯಿಪಾಠವಾಗಿದ್ದದ್ದೂ ಅದೇ, ಅವರು ಹೂಂ ಅಂದಿದ್ದಾರೆ. ಬೇರೆ ಯಾವ ಟೈಪಿಸ್ಟಾಗಿದ್ದರೂ ಗೆರೆ ಕಂಡು ಬಿಡುತ್ತಿದ್ದಳು, ಬೇರೆ ಯಾವ ಪರಿಶೀಲಕರಾಗಿದ್ದರೂ ಹಿಡಿಯುತ್ತಿದ್ದರು.

ಬೇಕೆಂದು ಮಾಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ಆದರೆ ಯಾರ ಮುಂದೆ ಆಣೆ ಮಾಡುತ್ತಿದ್ದೇನೆ, ಇಲ್ಲಿ ನಾನೊಬ್ಬಳೇ ಇದ್ದೇನಲ್ಲ?

ಏಪ್ರಿಲ್ ಎರಡಕ್ಕೆ ಮೂವತ್ತೊಂದನೇ ವಿಧಿ ಸಭೆಯ ಮುಂದೆ ಬರುತ್ತದೆ. ಅಧ್ಯಕ್ಷರು ಈಗೀಗ ಹತ್ತು ಹತ್ತು ವಿಧಿಗಳನ್ನು ಒಟ್ಟಿಗೆ ಓದಿ “ಒಪ್ಪಿಗೆಯೇ?” ಎನ್ನುತ್ತಾರೆ, ಸಭೆ ಆಕಳಿಸುತ್ತ ಒಪ್ಪುತ್ತದೆ. ಯಾರ ಕಣ್ಣಿಗೂ ಬೀಳದೆ ಹೋದರೆ ಈ ವಾಕ್ಯ ಕಾನೂನಾಗುತ್ತದೆ. ನಾನು ಸುಮ್ಮನಿದ್ದರೆ ಸಾಕು, ಅವರು ಮನೆಗೆ ಬರುತ್ತಾರೆ.

ಮಾರ್ಚ್ 19, ಬುಧವಾರ

ಸುಮ್ಮನಿದ್ದೇನೆ. ಕಾರ್ಯದರ್ಶಿಗಳ ಕೋಣೆಯ ಬಾಗಿಲು ಕಿರ್ರೆಂದರೆ ಟೈಪು ಮಾಡುವ ಕೈ ನಿಲ್ಲುತ್ತದೆ. ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದೆ. ಅತ್ತೆ ಚಮಚದಲ್ಲಿ ಬೇರೆ ಮಾಡುತ್ತ ಕೂತರು. ಅದು ಬೇರೆಯಾಗುವುದೇ?

ಮಾರ್ಚ್ 23, ಭಾನುವಾರ

ಜೈಲಿನ ಭೇಟಿ. ತಿಂಗಳಿಗೊಂದು ಸಲ, ಇಪ್ಪತ್ತು ನಿಮಿಷ, ನಡುವೆ ಎರಡು ಸಾಲು ಸರಳು. ಅವರ ಅಂಗಿ ಮೈಮೇಲೆ ಜೋತುಬಿದ್ದಿದೆ. ಆದರೂ ನಗುತ್ತಾರೆ.

“ಏನೇ, ಇಷ್ಟು ಸೊರಗಿದ್ದೀಯ? ಜೈಲಲ್ಲಿರೋದು ನಾನೋ ನೀನೋ?”

“ತಮಾಷೆ ಸಾಕು ರೀ. ಮೈಯಲ್ಲಿ ಹುಷಾರಾಗಿದ್ದೀರಾ?”

“ಇದ್ದೀನಿ. ಒಂದು ವಿಷಯ ಗೊತ್ತಾ? ನನ್ನ ಬಂಧನದ ಆದೇಶ ಕೊನೆಗೂ ತೋರಿಸಿದ್ರು. ವಯಸ್ಸು ಅರವತ್ತೆರಡಂತೆ, ಕೆಲಸ ಲಾರಿ ಓಡಿಸೋದಂತೆ. ಇನ್ಯಾರದ್ದೋ ಹಾಳೆ. ಆ ದಿನ ಸಾಹೇಬ್ರು ಕೂತಲ್ಲೇ ಒಂದೇ ಸಲಕ್ಕೆ ಅರವತ್ತು ಆದೇಶಕ್ಕೆ ಸಹಿ ಹಾಕಿದ್ರಂತೆ. ಒಂದನ್ನೂ ಓದಿಲ್ಲ ಕಣೇ. ಓದಿದ್ರೆ ಬೈಬಹುದಿತ್ತು. ಓದದೇ ಇರೋನನ್ನ ಏನಂತ ಬೈಯೋದು?”

ನಾಲಿಗೆಯ ತುದಿಯವರೆಗೆ ಬಂದಿತ್ತು, ಏಪ್ರಿಲ್ ಎರಡರವರೆಗೆ ತಡೆದುಕೊಳ್ಳಿ ಎಂದು. ನುಂಗಿಕೊಂಡೆ. ಬಸ್ಸಿನಲ್ಲಿ ಕೂತವಳು ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ. ಯಾರೂ ಓದದೆ ಒಪ್ಪಿದ ಕಾಗದದಿಂದ ಅವರು ಒಳಗೆ ಹೋದರು. ಈಗ ಇನ್ನೂರ ಎಂಬತ್ತನಾಲ್ಕು ಜನ ಓದದೆ ಒಪ್ಪುವುದನ್ನೇ ನಂಬಿ ನಾನು ಕೂತಿದ್ದೇನೆ. ಮುಂದೆ ಯಾವನೋ ಒಬ್ಬ ಅದು ಟೈಪಿಸ್ಟಿನ ತಪ್ಪು ಎಂದು ತೋರಿಸಿಕೊಟ್ಟರೆ ಆ ವಾಕ್ಯಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಮೇಷ್ಟ್ರ ಮಾನವೂ ಹೋಗುತ್ತದೆ.

ನಮ್ಮವರ ಮೇಲೆ ಸಿಟ್ಟು ಬರುತ್ತಿದೆ. ಇಪ್ಪತ್ತೇ ನಿಮಿಷ ಸಿಕ್ಕಿತ್ತು, ಇದನ್ನೇ ಹೇಳಬೇಕಿತ್ತೇ?

ಮಾರ್ಚ್ 25, ಮಂಗಳವಾರ

ಹೇಳಿಬಿಟ್ಟೆ.

ಮೊದಲು ಮೇಷ್ಟ್ರಿಗೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ನೀನು ಟೈಪು ಮಾಡಿದ್ದು ತಪ್ಪು, ನಾನು ಹೂಂ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ಒಬ್ಬಳೇ ಹೋಗ್ಬೇಡ, ತಡಿ, ಕೋಟು ಹಾಕ್ಕೊಂಡು ಬರ್ತೀನಿ” ಅಂದರು.

ಕಾರ್ಯದರ್ಶಿಗಳು ಎಲ್ಲವನ್ನೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಇಡೀ ಕರಡಿನಲ್ಲಿ ಈ ಒಂದು ವಾಕ್ಯಾನೇ ಯಾಕೆ? ನಿಮ್ಮೋರು ಯಾರಾದ್ರೂ ಒಳಗಿದ್ದಾರಾ?” ಎಂದರು.

“ನನ್ನ ಗಂಡ ಇದ್ದಾರೆ ಸಾರ್. ಇವತ್ತಿಗೆ ನೂರ ಮೂವತ್ತಮೂರು ದಿನ.”

ಈ ಕಚೇರಿಗೆ ಸೇರಿದ ಮೇಲೆ ಆ ಮಾತನ್ನು ಹೇಳಿದ್ದು ಇದೇ ಮೊದಲು. ಮೇಷ್ಟ್ರು ನನ್ನತ್ತ ತಿರುಗಿದರು, ಅವರಿಗೆ ನನ್ನ ಮುಖ ಎಷ್ಟು ಕಂಡಿತೋ ಗೊತ್ತಿಲ್ಲ.

ಕಾರ್ಯದರ್ಶಿಗಳು ಪೆನ್ನು ಕೆಳಗಿಟ್ಟರು. “ಬೇಕಂತ ಮಾಡಿದ್ರೆ ನೀವೇ ಬಂದು ಹೇಳ್ತಿರಲಿಲ್ಲ. ಅಷ್ಟು ನಂಬ್ತೀನಿ. ಆದ್ರೆ ಈ ವಿಭಾಗದಲ್ಲಿ ಇನ್ನು ಇಟ್ಕೊಳ್ಳೋಕಾಗಲ್ಲ.” ನಾಳೆಯಿಂದ ನಾನು ಕೆಳಗಿನ ದಾಖಲೆ ಕೋಣೆಗೆ. ಮೇಷ್ಟ್ರು ಕಣ್ಣಿನ ಆಸ್ಪತ್ರೆಗೆ, ರಜೆಯ ಮೇಲೆ.

ಹೋಗುವ ಮುಂಚೆ ತಪ್ಪು ತಿದ್ದುವ ಚೀಟಿಯನ್ನೂ ನನ್ನಿಂದಲೇ ಟೈಪು ಮಾಡಿಸಿದರು. ಇಲ್ಲಿಯ ನಿಯಮ ಹೀಗೆ: ಹಂಚಿದ ಕರಡಿನಲ್ಲಿ ಏನನ್ನಾದರೂ ತೆಗೆಯಬೇಕಾದರೆ, ತೆಗೆಯುವ ಮಾತುಗಳನ್ನು ಒಂದಕ್ಷರ ಬಿಡದೆ ಚೀಟಿಯಲ್ಲಿ ಬರೆದು, ಪ್ರತಿ ಸದಸ್ಯರ ಕೈಗೆ ಕೊಟ್ಟು ಸಹಿ ಪಡೆಯಬೇಕು.

“ಪೂರ್ತಿ ವಾಕ್ಯ ಬರೀಬೇಕಾ ಸಾರ್?”

“ನಿಯಮ ಅಂದ್ಮೇಲೆ ನಿಯಮ. ಪೂರ್ತಿ ಬರೀರಿ.”

ಅಂಗೈ ಅಗಲದ ಚೀಟಿ. “ಪುಟ 19, ವಿಧಿ 31: ಕೆಳಗಿನ ವಾಕ್ಯವನ್ನು ಬಿಟ್ಟು ಓದಿಕೊಳ್ಳುವುದು.” ಅದರ ಕೆಳಗೆ ಆ ವಾಕ್ಯ. ಈ ಸಲ ಕಣ್ಣಿಟ್ಟು, ಒಂದೊಂದೇ ಅಕ್ಷರ ಓದುತ್ತ ಟೈಪು ಮಾಡಿದೆ. ನನ್ನ ಕೈಯಿಂದಲೇ ಅವರನ್ನು ಮತ್ತೊಮ್ಮೆ ಒಳಗೆ ಹಾಕಿ ಚಿಲಕ ಎಳೆದಂತಾಯಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 29, ಶನಿವಾರ

ದಾಖಲೆ ಕೋಣೆಯಲ್ಲಿ ಧೂಳು ಬಿಟ್ಟರೆ ಮಾತಾಡುವವರಿಲ್ಲ. ಕಡತಗಳಿಗೆ ದಾರ ಕಟ್ಟುತ್ತೇನೆ, ಬಿಚ್ಚುತ್ತೇನೆ. ಚೀಟಿ ಎಲ್ಲರಿಗೂ ಮುಟ್ಟಿದ್ದರಿಂದ ಇನ್ನು ಅದು ಗುಟ್ಟಲ್ಲ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಮನೆ ಬಿಟ್ಟು ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಕಿಟಕಿ ಬಿಟ್ಟು ಎದ್ದು, “ಊಟ ಮಾಡಿದ್ಯಾ?” ಅಂದರು.

ಏಪ್ರಿಲ್ 2, ಬುಧವಾರ

ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಸಭಾಂಗಣದ ಮೇಲಿನ ಪ್ರೇಕ್ಷಕರ ಸಾಲಿಗೆ ಹೋದೆ. ನನ್ನ ವಾಕ್ಯ ಸಾಯುವುದನ್ನು ನೋಡಿಯೇ ಬಿಡೋಣ ಎಂದು. ನನ್ನ ವಾಕ್ಯವಂತೆ! ಯಾವಾಗಿನಿಂದ ನನ್ನದಾಯಿತೋ.

ಅಧ್ಯಕ್ಷರು ಇಪ್ಪತ್ತೆಂಟರಿಂದ ಮೂವತ್ತೈದರವರೆಗೆ ಓದಿ “ಒಪ್ಪಿಗೆಯೇ?” ಎಂದರು. ಕೆಳಗೆ ಸದಸ್ಯರ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. ಹೆರಿಗೆ ಆಸ್ಪತ್ರೆಯ ನರ್ಸಮ್ಮ, ಇಷ್ಟು ತಿಂಗಳಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಂತೆ. ಕೈಯಲ್ಲಿ ಚೀಟಿ ಎತ್ತಿ ಹಿಡಿದಿದ್ದರು.

“ಅಧ್ಯಕ್ಷರೇ, ಸುಳ್ಳು ಹೇಳೋದಿಲ್ಲ, ನೂರ ಹನ್ನೆರಡು ಪುಟ ನಾನು ಓದಿಲ್ಲ. ಹೆರಿಗೆ ಮಾಡಿಸ್ತಾ ಕರಡು ಓದೋಕಾಗಲ್ಲ. ಈ ಚೀಟಿ ಚಿಕ್ಕದಿತ್ತು, ಓದಿದೆ. ವಿಚಾರಣೆ ಇಲ್ಲದೆ ಮೂರು ತಿಂಗಳು ಮೀರಿ ಕೂಡಿಹಾಕಬಾರದು ಅಂತಿದೆ. ಇದನ್ನ ಬಿಟ್ಟು ಓದ್ಕೊಳ್ಳಿ ಅಂತೀರಿ. ಯಾಕೆ ಬಿಡ್ಬೇಕು?”

ಸುರಕ್ಷತಾ ಮಂತ್ರಿಗಳು ಎದ್ದು, ಅದು ಟೈಪಿಸ್ಟ್ ಒಬ್ಬರ ಅಚಾತುರ್ಯದಿಂದ ಉಳಿದದ್ದು, ಚರ್ಚೆಯ ಅಗತ್ಯವಿಲ್ಲ ಎಂದರು.

“ಅವರ ಅಚಾತುರ್ಯದ ಮಾತು ಬಿಡಿ. ನೀವು ಬುದ್ಧಿಪೂರ್ವಕ ತೆಗೆದಿರಲ್ಲ, ಅದಕ್ಕೆ ಕಾರಣ ಹೇಳಿ!”

ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಕೆಳಗೆ ಚೀಟಿಗಳು ಹೊರಬಂದವು. ಜೇಬಿನಿಂದ, ಪುಸ್ತಕದ ನಡುವಿನಿಂದ, ಕನ್ನಡಕದ ಡಬ್ಬಿಯಿಂದ. ಎಲ್ಲರೂ ಓದುತ್ತಿದ್ದರು. ನೂರ ಹನ್ನೆರಡು ಪುಟದಲ್ಲಿ ಅಡಗಿದ್ದಿದ್ದರೆ ಯಾರೂ ನೋಡುತ್ತಿರಲಿಲ್ಲ. ಒಬ್ಬ ಮುದುಕ ಎದ್ದು, ಹಳೆಯ ಆಳರಸರ ಕಾಲದಲ್ಲಿ ತಾನು ಹೀಗೆಯೇ ಎರಡು ವರ್ಷ ಒಳಗಿದ್ದೆ ಎಂದ. ಇನ್ನೊಬ್ಬ, ಗಲಭೆ ಆದರೆ ನರ್ಸಮ್ಮ ಬಂದು ನಿಲ್ಲಿಸುತ್ತಾರೋ ಎಂದು ಕಿಚಾಯಿಸಿದ. ಗದ್ದಲ. ಚರ್ಚೆ ಮುಂದಕ್ಕೆ ಹೋಯಿತು.

ಏಪ್ರಿಲ್ 4, ಶುಕ್ರವಾರ

ಎರಡು ದಿನದಿಂದ ಅನ್ನ ಸೇರಿಲ್ಲ. ಇವತ್ತು ತಲೆ ಎಣಿಸಿದರು. ವಾಕ್ಯ ಉಳಿಯಲಿ ಎಂದವರು ನೂರ ಮೂವತ್ತೊಂಬತ್ತು, ಬೇಡ ಎಂದವರು ನೂರ ಮೂವತ್ತೊಂದು. ಮಂತ್ರಿಗಳ ಕಡೆಯವರು ಪಟ್ಟು ಹಿಡಿದು ಒಂದು ಮಾತು ಸೇರಿಸಿದರು: ಈಗಾಗಲೇ ಒಳಗಿರುವವರನ್ನು ಸಂವಿಧಾನ ಜಾರಿಯಾದ ಮೇಲೆ ಐದು ವಾರದೊಳಗೆ ನ್ಯಾಯಾಧೀಶರ ಮುಂದೆ ತರಬೇಕು, ಬಿಡುವುದೋ ಇಟ್ಟುಕೊಳ್ಳುವುದೋ ಅವರು ತೀರ್ಮಾನಿಸಲಿ.

ಅಂದರೆ ಬಿಡುಗಡೆಯಲ್ಲ. ಬಾಗಿಲಿನವರೆಗೆ, ಅಷ್ಟೇ. ಅತ್ತೆ “ಏನಾಯ್ತಮ್ಮ, ಗೆದ್ವಾ?” ಅಂದರು. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.

ಮೇ 1, ಗುರುವಾರ

ಸಂವಿಧಾನ ಅಂಗೀಕಾರವಾಯಿತು. ಇವತ್ತಿನಿಂದಲೇ ಜಾರಿ. ಬೀದಿಯಲ್ಲಿ ವಾದ್ಯ, ಬಾವುಟ, ಕೂಗು. ಮೇಷ್ಟ್ರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಾಖಲೆ ಕೋಣೆಗೆ ಬಂದಿದ್ದರು. ಅಚ್ಚಾದ ಪುಸ್ತಕದಲ್ಲಿ ಇನ್ನೊಂದು ಕಣ್ಣಿನಿಂದಲೇ ಮೂರು ತಪ್ಪು ಹಿಡಿದಿದ್ದಾರೆ. ನನಗೆ ಅದಾವುದೂ ತಲೆಗೆ ಹೋಗಲಿಲ್ಲ. ಐದು ವಾರ ಎಂದರೆ ಮೂವತ್ತೈದು ದಿನ.

ಜೂನ್ 3, ಮಂಗಳವಾರ

ಮೂವತ್ನಾಲ್ಕನೆಯ ದಿನ ಕರೆದರು. ನ್ಯಾಯಾಲಯದ ಉದ್ದ ಬೆಂಚಿನ ಮೇಲೆ ನಾವು ಏಳು ಜನ ಹೆಂಗಸರು, ಜೊತೆಗೆ ಅತ್ತೆ. ವಕೀಲರು ಯಾರ ಹತ್ತಿರವೂ ಇರಲಿಲ್ಲ. ಮೊದಲ ಹೆಸರೇ ನಮ್ಮವರದ್ದು. ಪೊಲೀಸಿನವರ ಜೊತೆ ಬಂದು ನಿಂತರು. ನನ್ನನ್ನು ಕಂಡು ಕೈಯೆತ್ತಲು ಹೋಗಿ ಇಳಿಸಿದರು.

ನ್ಯಾಯಾಧೀಶರು ಕೇಳಿದರು, “ಇವರನ್ನ ಯಾಕೆ ಇಟ್ಕೊಂಡಿದ್ದೀರಿ?”

ಅಧಿಕಾರಿ ಕಡತ ತಿರುವಿದ. “ಮೇಲಿನ ಆದೇಶ, ಸ್ವಾಮಿ. ಸುರಕ್ಷತೆ ಕಾಯಿದೆ. ಅದಕ್ಕೆ ಕಾರಣ ಹೇಳೋ ಪದ್ಧತಿ ಇಲ್ಲ.”

ನ್ಯಾಯಾಧೀಶರು ಹೊಸ ಪುಸ್ತಕ ಕೈಗೆ ತೆಗೆದುಕೊಂಡರು. ಅದರ ಹಾಳೆಗಳ ಅಂಚು ಇನ್ನೂ ಕತ್ತರಿಸಿರಲಿಲ್ಲ, ತೆರೆಯಲು ಬರಲಿಲ್ಲ. ಗುಮಾಸ್ತ ಚಾಕು ಹುಡುಕಲು ಓಡಿದ. ಅಧಿಕಾರಿ ಗಡಿಯಾರ ನೋಡಿ, ಮುಂದಿನ ತಿಂಗಳಿಗೆ ಹಾಕಿಕೊಳ್ಳೋಣ ಸ್ವಾಮಿ, ಎಂದ.

ಯಾವಾಗ ಎದ್ದೆನೋ ತಿಳಿಯದು. “ಮೂವತ್ತೊಂದನೇ ವಿಧಿ ಸ್ವಾಮಿ, ಕೊನೆಯ ವಾಕ್ಯ” ಎಂದು ಶುರುಮಾಡಿ ಪೂರ್ತಿ ಹೇಳಿದೆ. ಇಡೀ ಕೋಣೆಗೆ ಕೇಳಿಸುವಂತೆ ಹೇಳಿದೆ. “ಕಾರಣವನ್ನು ತಿಳಿಸತಕ್ಕದ್ದು ಅಂತಿದೆ. ಪದ್ಧತಿ ಮೇ ಒಂದರಿಂದ ಶುರುವಾಗಿದೆ. ಇವರ ಆದೇಶದಲ್ಲಿ ಅರವತ್ತೆರಡು ವರ್ಷದ ಲಾರಿ ಡ್ರೈವರ್ ಅಂತಿದೆ, ನೋಡಿ. ಇವರಿಗೆ ನಲವತ್ತೊಂದು. ಲಾರಿ ಹತ್ತಿದ್ರೆ ವಾಂತಿ ಮಾಡ್ಕೊಳ್ತಾರೆ.”

“ನೀವ್ಯಾರು? ವಕೀಲರಾ?”

“ಅಲ್ಲ ಸ್ವಾಮಿ. ಟೈಪಿಸ್ಟ್.”

ಚಾಕು ಬಂತು. ನ್ಯಾಯಾಧೀಶರು ಹಾಳೆ ಬಿಡಿಸಿ ಓದಿದರು. ಆದೇಶವನ್ನೂ ಓದಿದರು, ಎರಡು ಸಲ. ಆಮೇಲೆ ಅವರನ್ನು ಬಿಡಲು ಹೇಳಿದರು. ನನಗೆ ಕೂರಬೇಕೋ ನಿಲ್ಲಬೇಕೋ ಅರ್ಥವಾಗಲಿಲ್ಲ. ಅತ್ತೆ ಅಲ್ಲಿಯೇ ಗಟ್ಟಿಯಾಗಿ ಅತ್ತರು.

ಅವರ ಹಿಂದೆ ಹೊರಗೆ ಹೋಗಲು ಸೆರಗು ಸರಿಮಾಡಿಕೊಂಡೆ. ಬೆಂಚಿನಲ್ಲಿ ಪಕ್ಕದಲ್ಲಿದ್ದವಳು ಅದೇ ಸೆರಗು ಹಿಡಿದಳು. “ಅಕ್ಕ, ಮುಂದಿಂದು ನಮ್ಮಣ್ಣಂದು. ಅದನ್ನ ನಮ್ಮಣ್ಣನಿಗೂ ಒಂದ್ಸಲ ಹೇಳ್ತೀರಾ? ನನಗೆ ಓದೋಕೆ ಬರಲ್ಲ.”

ಬಾಗಿಲಲ್ಲಿ ಅವರು ನಿಂತಿದ್ದರು. ಇನ್ನೂರ ಮೂರು ದಿನದ ಮೇಲೆ, ನಡುವೆ ಸರಳಿಲ್ಲದೆ. “ಐದೇ ನಿಮಿಷ ರೀ, ಬಂದೆ” ಅಂದೆ.

ಏಳೂ ಮುಗಿಯುವಾಗ ನಾಲ್ಕು ಗಂಟೆ. ಐದು ಜನರನ್ನು ಬಿಟ್ಟರು. ಇಬ್ಬರ ವಿಷಯದಲ್ಲಿ ಕಾರಣ ಹೇಳಿದರು, ನ್ಯಾಯಾಧೀಶರು ಒಪ್ಪಿದರು, ಆ ಇಬ್ಬರು ಹೆಂಗಸರ ಮುಖ ಇನ್ನೂ ಕಣ್ಣ ಮುಂದಿದೆ. ಮೆಟ್ಟಿಲ ಮೇಲೆ ನಮ್ಮವರು ಅತ್ತೆಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು.

ಈಗ ಒಳಗೆ ತಾಯಿ ಮಗ ಮಾತಾಡುತ್ತಿದ್ದಾರೆ. ಆಗಲೇ ಅವರು ಬಂದು, “ನಾಳೆ ಒಂದು ದಿನ ಮನೇಲಿರ್ತೀಯಲ್ಲ?” ಎಂದರು. ಇರಬೇಕೆಂದು ನನಗೂ ಎಷ್ಟು ಆಸೆ! ನಾಳೆ ಐದು ವಾರದ ಕೊನೆಯ ದಿನ, ಇನ್ನೂ ಹನ್ನೊಂದು ಜನರನ್ನು ತರುತ್ತಾರಂತೆ. ರಜೆ ಅರ್ಜಿ ಬರೆದು ಮಡಿಸಿಟ್ಟಿದ್ದೇನೆ. ಕಾರಣ: ನ್ಯಾಯಾಲಯದಲ್ಲಿ ಕೆಲಸವಿದೆ.